ಉಪ್ಪಿನ ಗಂಜಿ

ಬೆಥಿಯಾಳ ಕೋಪವೆಲ್ಲ ಸತ್ತ ಗಂಡನ ಮೇಲೆ. ಹೆಕ್ಟರ್ ಮಣ್ಣಾಗಿ ಮೂರು ತಿಂಗಳು. ಆದರೂ ಬೆಳಗಾದರೆ ಅವಳ ಕೈ ತಾನಾಗಿ ಓಟ್ಸ್ ಗಂಜಿಗೆ ಉಪ್ಪು ಹಾಕುತ್ತಿತ್ತು.

ನಲವತ್ತೊಂದು ವರ್ಷದ ಉಪ್ಪಿನ ಸಾಮ್ರಾಜ್ಯ! ಗಂಜಿಕೋಲನ್ನು ಬಲಕ್ಕೇ ತಿರುವಬೇಕು. ಎಡಕ್ಕೆ ತಿರುವಿದರೆ ಸೈತಾನ ಬರುತ್ತಾನೆ. ಒಂದೊಂದು ಚಮಚವನ್ನೂ ಬೇರೆ ಬಟ್ಟಲಿನ ತಣ್ಣನೆ ಕೆನೆಯಲ್ಲಿ ಅದ್ದಿ, ನಿಂತೇ ತಿನ್ನಬೇಕು. ಇದು ಸ್ಕಾಟರ ಮನೆ. ಸಕ್ಕರೆ ಇಂಗ್ಲಿಷರ ಚಾಳಿ. (ಅವಳ ಮಂಡಿನೋವು ಯಾರ ಚಾಳಿಯೋ, ಯಾರೂ ಕೇಳಲಿಲ್ಲ.) ಅಡುಗೆಮನೆಯಲ್ಲಿ ಒಂದು ಕುರ್ಚಿಯೂ ಇರಲಿಲ್ಲ.

ಸೋಮವಾರ ಬೆಥಿಯಾ ದಂಗೆ ಎದ್ದಳು. ಸಕ್ಕರೆ ತಂದಳು. ಒಳಗಿನಿಂದ ಕುರ್ಚಿ ಎಳೆದು ತಂದಳು. ಉಪ್ಪಿಲ್ಲದ ಗಂಜಿಯನ್ನು ಬೇಕೆಂದೇ ಎಡಕ್ಕೆ ತಿರುವಿದಳು.

"ಬರ್ಲಿ ಸೈತಾನ. ಅವನಿಗೂ ಒಂದು ಬಟ್ಟಲು ಇಡ್ತೀನಿ."

ಬಾಗಿಲು ತೆರೆಯಿತು. ಬಂದವಳು ಪಕ್ಕದ ಬೀದಿಯ ನಾದಿನಿ ಗ್ರಿಜೆಲ್. ಸಕ್ಕರೆ ನೋಡಿದಳು. ಕುರ್ಚಿ ನೋಡಿದಳು.

"ಬಯ್ಯೋದಿದ್ರೆ ಬೇಗ ಬಯ್ದು ಹೋಗು," ಬೆಥಿಯಾ ಗಂಜಿಕೋಲು ಎತ್ತಿದಳು. "ನಿಮ್ಮಣ್ಣನ ಉಪ್ಪು ತಿಂದು ತಿಂದು ನಾಲಿಗೆ ಸತ್ತುಹೋಗಿದೆ."

ಗ್ರಿಜೆಲ್ ಬಯ್ಯಲಿಲ್ಲ. ಕುರ್ಚಿಯಲ್ಲಿ ಕುಳಿತು ಗಂಜಿ ಬಡಿಸಿಕೊಂಡಳು. ಎರಡು ಚಮಚ ಸಕ್ಕರೆ ಸುರಿದಳು.

"ಅಣ್ಣನಿಗೂ ಎರಡೇ ಚಮಚ."

"ಯಾವ ಅಣ್ಣ?"

"ನಂಗಿದ್ದಿದ್ದು ಒಬ್ನೇ ಅಲ್ವಾ ಅತ್ತಿಗೆ? ಪ್ರತಿ ಶನಿವಾರ ನಮ್ಮನೇಲಿ ಕೂತ್ಕೊಂಡು ತಿಂತಿದ್ದ. 'ಬೆಥಿಯಾಗೆ ಹೇಳ್ಬೇಡ ಕಣೇ, ಕೊಂದೇಬಿಡ್ತಾಳೆ' ಅಂತಿದ್ದ."

"ನಾನಾ? ನಿಯಮ ಎಲ್ಲಾ ಅವನದು!"

"ಮದುವೆ ಮಾರನೇ ದಿನ ಸಕ್ಕರೆ ಕೇಳಿದ್ನಂತೆ. 'ಅದು ಇಂಗ್ಲಿಷರ ಚಾಳಿ, ಎದ್ದು ನಿಂತು ತಿನ್ನು' ಅಂದ್ಯಂತೆ ನೀನು."

ಬೆಥಿಯಾಳಿಗೆ ನೆನಪಾಯಿತು. ಅವತ್ತು ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಒಳ್ಳೆಯ ಸೊಸೆ ಅನ್ನಿಸಿಕೊಳ್ಳಲು ಆಡಿದ ಮಾತು. ಆಮೇಲೆ ಅವನೂ ಕೇಳಲಿಲ್ಲ, ಅವಳೂ ಬಾಯಿ ಬಿಡಲಿಲ್ಲ.

"ಕತ್ತೆ!" ಗೋಡೆಯ ಮೊಳೆಯಲ್ಲಿ ಹಾಗೇ ಇದ್ದ ಹೆಕ್ಟರನ ಟೋಪಿಯತ್ತ ಗಂಜಿಕೋಲು ಬೀಸಿದಳು. ಟೋಪಿಗೆ ಗಂಜಿ ಹಾರಿತು. "ಇನ್ನೊಂದ್ಸಲ ಕೇಳಬಾರ್ದಿತ್ತೇನೋ? ಇಬ್ರೂ ಕೂತು ತಿಂತಿದ್ವಲ್ಲೋ!"

"ಕೂತ್ಕೋ ಅತ್ತಿಗೆ, ಗಂಜಿ ಆರಿಹೋಗುತ್ತೆ."

"ಎಲ್ಲಿ ಕೂರ್ಲಿ, ನಿನ್ನ ತಲೆ ಮೇಲಾ?"

ಉಳಿದ ಗಂಜಿಗೆ ಎರಡು ಚಮಚ ಸಕ್ಕರೆ ಹಾಕಿಕೊಂಡು, ನಿಂತೇ, ಮೊದಲ ತುತ್ತು ಬಾಯಿಗಿಟ್ಟಳು. ಮುಖ ಕಿವುಚಿದಳು.

"ಥೂ! ಇದಕ್ಕಾ ವಾರವಾರ ಕದ್ದು ಓಡ್ತಿದ್ದ, ಪುಣ್ಯಾತ್ಮ?"

ಬೆಥಿಯಾ ಟೋಪಿಯ ಮೇಲಿನ ಗಂಜಿಯನ್ನು ಏಪ್ರನ್ನಿನ ಅಂಚಿನಿಂದ ಒರೆಸಿದಳು. ಆಮೇಲೆ ಉಪ್ಪಿನ ಡಬ್ಬಿಗೆ ಕೈ ಹಾಕಿದಳು.