ಬಣ್ಣ ಹೆಚ್ಚಿಸಿದ ಪ್ರಸಂಗ

ನಮ್ಮ ಮನೆಯಲ್ಲಿ ‘ಇಲ್ಲ’ ಎಂಬ ಮಾತೇ ಇರಲಿಲ್ಲ. ನಾವು ಅಷ್ಟು ಸಿರಿವಂತರೆಂದು ತಿಳಿಯಬೇಡಿ. ಹಾನಗಲ್ಲಿನ ಆ ಮನೆಯಲ್ಲಿ ಇದ್ದದ್ದಕ್ಕಿಂತ ಇಲ್ಲದ್ದೇ ಜಾಸ್ತಿ. ಆದರೆ ಹಾಗೆ ಬಾಯಿಬಿಟ್ಟು ಹೇಳುವಂತಿರಲಿಲ್ಲ, ಅಪಶಕುನ. ಡಬ್ಬಿಯಲ್ಲಿ ಅಕ್ಕಿ ತೀರಿದರೆ ‘ಅಕ್ಕಿ ತುಂಬ್ಯಾವ’ ಅನ್ನಬೇಕು. ಭರಣಿಯಲ್ಲಿ ಕುಂಕುಮ ಮುಗಿದರೆ ‘ಕುಂಕುಮ ಹೆಚ್ಚೇದ’. ಬಳೆ ಒಡೆದರೆ ‘ಬಳಿ ಹೆಚ್ಚಿದವು’. ಮನೆಯಿಂದ ಹೊರಟವನು ‘ಬರ್ತೇನಿ’ ಅನ್ನುತ್ತಲೇ ಹೋಗಬೇಕು. ನಾನು ಎಂಟು ವರ್ಷದವನಿದ್ದಾಗ ಅವ್ವ ಒಂದು ದಿನ “ಅಕ್ಕಿ ತುಂಬ್ಯಾವಪಾ” ಎಂದು ನನ್ನ ಕೈಗೆ ಚೀಲ ಕೊಟ್ಟಳು. ತುಂಬಿದ ಮೇಲೆ ತರುವುದೇನು ಎಂದು ನಾನು ಚೀಲವನ್ನು ಗಿಡದ ಟೊಂಗೆಗೆ ಕಟ್ಟಿ ಮಧ್ಯಾಹ್ನದವರೆಗೆ ಜೋಕಾಲಿ ಆಡಿದೆ. ಅಂದು ಅಡಿಗೆಮನೆಯಲ್ಲಿ ಎಲ್ಲವೂ ‘ತುಂಬಿತ್ತು’ ಎಂಬುದು ಹಸಿವೆಯಾದ ಮೇಲೆ ಗೊತ್ತಾಯಿತು. ಇಂಥ ಮನೆಯಲ್ಲಿ ಬೆಳೆದವನು ಮುಂದೆ ಶಿಗ್ಗಾಂವಿಯ ಶಾಲೆಯಲ್ಲಿ ಕನ್ನಡ ವ್ಯಾಕರಣ ಕಲಿಸುವ ಮಾಸ್ತರನಾದದ್ದು ದೇವರ ತಮಾಷೆಯೇ ಇರಬೇಕು. ಯಾವ ಶಬ್ದಕ್ಕೆ ಯಾವ ಅರ್ಥ ಎಂಬ ಬಗ್ಗೆ ನನಗೆ ಇಂದಿಗೂ ಪೂರಾ ಧೈರ್ಯವಿಲ್ಲ.

ನನ್ನ ಹೆಂಡತಿ ಇಂದಿರಾ ಹಿರೇಕೆರೂರಿನವಳು. ಮದುವೆಯಾದ ಎರಡನೆಯ ವರ್ಷ ಅವಳ ಮೊದಲ ಹೆರಿಗೆ ಮನೆಯಲ್ಲೇ ಆಯಿತು. ಮೂರು ದಿನ ಬೇನೆ ತಿಂದಳು. ಕೂಸು ಉಳಿಯಲಿಲ್ಲ. ಅವಳು ಉಳಿದದ್ದೇ ದೊಡ್ಡದು. ಆ ಮೂರು ದಿನ ನಾನು ಕತ್ತಲೆ ಕೋಣೆಯ ಹೊರಗೆ ಕಂಬ ಹಿಡಿದು ನಿಂತಿದ್ದೆ. ನನ್ನಿಂದ ಬೇರೇನೂ ಆಗಲಿಲ್ಲ. ಎರಡನೆಯ ಸಲ ಗರ್ಭಿಣಿಯಾದಾಗ ನಾನು ಯಾರ ಮಾತನ್ನೂ ಕೇಳದೆ ಅವಳನ್ನು ಮೋಟಾರಿನಲ್ಲಿ ಕೂಡಿಸಿಕೊಂಡು ರೈಲು ಇರುವ ದೊಡ್ಡ ಊರಿನ ಮಿಶನ್ ದವಾಖಾನೆಗೆ ಕರೆದೊಯ್ದೆ. ಅಲ್ಲಿ ಒಬ್ಬ ಬಿಳಿಯ ಹೆಂಗಸು ಡಾಕ್ಟರಾಗಿದ್ದರು, ಎಲ್ಲರೂ ಅವರನ್ನು ಡಾಕ್ಟರ್ ಬಾಯಿ ಅನ್ನುತ್ತಿದ್ದರು. ಅವರು ಕನ್ನಡವನ್ನು ಪುಸ್ತಕ ಓದಿ ಕಲಿತವರು. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಅವರ ಪದ್ಧತಿ. ಇಂದಿರೆಯನ್ನು ಪರೀಕ್ಷಿಸಿ, “ದಾರಿ ಇಕ್ಕಟ್ಟಾಗಿದೆ. ಬೇನೆ ಬರುವ ಮೊದಲೇ ಹೊಟ್ಟೆ ಕೊಯ್ದು ಕೂಸನ್ನು ತೆಗೆಯಬೇಕು. ಗುರುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ” ಎಂದರು.

ಹೆರಿಗೆಗೆ ಗಡಿಯಾರದ ಹೊತ್ತು ಗೊತ್ತುಮಾಡಬಹುದೆಂಬ ಸುದ್ದಿ ನಮ್ಮ ಬಳಗವನ್ನು ತಲೆಕೆಳಗು ಮಾಡಿತು. ಸವಣೂರಿನ ನನ್ನ ಸೋದರಮಾವ ದೊಡ್ಡ ಜ್ಯೋತಿಷಿ. ಒಂಬತ್ತರ ಬದಲು ಹತ್ತೂವರೆಗೆ ಕೊಯ್ದರೆ ಮಗುವಿಗೆ ರಾಜಯೋಗವಿದೆಯೆಂದು ಪತ್ರ ಬರೆದ. ಮರುದಿನದ ಟಪಾಲಿಗೆ ಇನ್ನೊಂದು ಪತ್ರ ಬಂತು. “ಹೊತ್ತನ್ನು ನಾವು ಆರಿಸಿದರೆ ಅದು ಕೂಸಿನ ಜಾತಕವೋ, ಡಾಕ್ಟರ ಜಾತಕವೋ? ಶಾಸ್ತ್ರದಲ್ಲಿ ಸಿಗಲೊಲ್ಲದು, ನನಗ ಗೊಂದಲ ಆಗೇದ” ಎಂದಿತ್ತು. ನಲವತ್ತು ವರ್ಷ ಊರಿನವರ ಗೊಂದಲ ಬಿಡಿಸಿದ ಮನುಷ್ಯ ಅಂದು ಮೊದಲ ಸಲ ಪಂಚಾಂಗ ಮುಚ್ಚಿಟ್ಟನಂತೆ.

ಗೊಂದಲವಿಲ್ಲದವಳೆಂದರೆ ಇಂದಿರಾ ಒಬ್ಬಳೇ. ಮುಂಬಯಿಯಲ್ಲಿ ನೌಕರಿಯಲ್ಲಿದ್ದ ಅವಳ ಅಣ್ಣ ಮುಖಕ್ಕೆ ಹಚ್ಚುವ ಸ್ನೋ, ಪೌಡರು, ಜೊತೆಗೆ ಹೆಬ್ಬೆರಳಷ್ಟು ಎತ್ತರದ ಒಂದು ಕೆಂಪು ಸೀಸೆ ಕಳಿಸಿದ್ದ. ಅದು ಉಗುರಿಗೆ ಹಚ್ಚುವ ಬಣ್ಣ. ಅವ್ವ ಸೀಸೆಯನ್ನು ಬೆಳಕಿಗೆ ಹಿಡಿದು, “ಇದು ಯಾವ ಬ್ಯಾನಿಗಿ?” ಎಂದು ಕೇಳಿದಳು. ಉಗುರಿಗೆ ಎಂದಾಗ, “ಹಂಗಾರ ಮದರಂಗಿ ಅನ್ನು. ಅರಿಯೋ ಕೆಲಸ ಉಳೀತು” ಎಂದು ಒಪ್ಪಿಕೊಂಡಳು. ಕೆಂಪಗಿದ್ದದ್ದೆಲ್ಲ ಅವಳಿಗೆ ಮಂಗಳವೇ. ಕೊಯ್ಯಿಸಿಕೊಳ್ಳಲು ಹೋಗುವವಳಿಗೆ ಇದೆಲ್ಲ ಯಾಕೆ ಎಂದು ನಾನು ಇಂದಿರೆಯನ್ನು ಕೇಳಿದೆ, ಸ್ವಲ್ಪ ಚೇಷ್ಟೆಯಿಂದಲೇ. ಅವಳು ನಗಲಿಲ್ಲ. “ಆ ಸಲ ನನಗ ಹರಕ ಸೀರಿ ಉಡಿಸಿ ಕತ್ತಲಿ ಕೋಣ್ಯಾಗ ಹಾಕಿದ್ರಿ. ಹ್ಯಾಂಗೂ ಒಗಿಯೋ ಸೀರಿ ಅಂತ. ಆ ಕೂಸು ಕಣ್ಣು ತಗದಿದ್ರ ಏನು ನೋಡ್ತಿತ್ತು? ಈ ಸಲ ನಾ ಚೆಂದಾಗಿ ಹೋಗ್ತೇನಿ” ಎಂದಳು. ನನ್ನ ಚೇಷ್ಟೆ ಅಲ್ಲಿಗೆ ನಿಂತಿತು. ಆ ಮಾತು ನನಗೆ ಇವತ್ತಿಗೂ ನೋಯುತ್ತದೆ.

ದವಾಖಾನೆಯ ಹತ್ತಿರ ಒಂದು ಖೋಲಿ ಹಿಡಿದು ಅವ್ವ, ಇಂದಿರಾ, ನಾನು ಇಳಿದುಕೊಂಡೆವು. ಬುಧವಾರ ಸಂಜೆ ಡಾಕ್ಟರ್ ಬಾಯಿ ನನ್ನನ್ನು ಪಡಸಾಲೆಗೆ ಕರೆದು, “ನಿಮ್ಮ ಹೆಂಡತಿಯ ಉಗುರಿಗೆ ಬಣ್ಣವಿರುವುದನ್ನು ನೋಡಿದೆ. ಮುಖಕ್ಕೆ ಪೌಡರು, ಕೈಗೆ ಗಾಜಿನ ಬಳೆ, ಇವೆಲ್ಲವನ್ನೂ ನಾಳೆ ತೆಗೆದು ಕರೆತರಬೇಕು. ಕ್ಲೋರೋಫಾರ್ಮ್ ಕೊಟ್ಟಾಗ ಉಸಿರು ಕಡಿಮೆಯಾದರೆ ತುಟಿ ಮತ್ತು ಉಗುರು ನೀಲಿಯಾಗುತ್ತವೆ. ಅದು ನಮಗೆ ಕಾಣಬೇಕು. ಕಾಣದಿದ್ದರೆ ಅಪಾಯ” ಎಂದರು. ನನಗೆ ಪೂರಾ ಅರ್ಥವಾಯಿತು. ಅರ್ಥವಾದದ್ದೇ ತೊಂದರೆ. ಉಸಿರು, ನೀಲಿ, ಅಪಾಯ ಎಂಬ ಮಾತುಗಳನ್ನು ತಲೆಯಲ್ಲಿ ಹೊತ್ತುಕೊಂಡು ಖೋಲಿಯ ಕಡೆ ನಡೆದೆ. ಅವ್ವನಿಗೆ ಇದನ್ನು ಹೇಗೆ ಹೇಳುವುದು? ಗಂಡ ಬದುಕಿರುವಾಗ ಮುತ್ತೈದೆಯ ಬಳೆ ತೆಗೆಯಿರಿ ಅನ್ನುವುದೆಂದರೆ ನನ್ನ ಶ್ರಾದ್ಧವನ್ನು ನಾನೇ ಗೊತ್ತುಮಾಡಿದಂತೆ. ಅದೂ ನಾಳೆ ಸೊಸೆ ಅಷ್ಟು ದೊಡ್ಡ ಗಂಡಾಂತರಕ್ಕೆ ಹೊರಟಿರುವಾಗ. ದಾರಿಯುದ್ದಕ್ಕೂ ಶಬ್ದಗಳನ್ನು ತಿರುವಿ ಹಾಕಿದೆ. ಬಾಗಿಲಿಗೆ ಬಂದಾಗ ನಮ್ಮ ಮನೆಯ ಹಳೆಯ ಮಾತೇ ಕೈಹಿಡಿಯಿತು.

“ಅವ್ವಾ, ಡಾಕ್ಟರ್ ಬಾಯಾರು ಹೇಳ್ಯಾರ. ನಾಳೆ ಬಳಿ, ಪೌಡರು, ಉಗುರಿನ ಬಣ್ಣ, ಎಲ್ಲಾ ಹೆಚ್ಚಿಸಿ ಕರಕೊಂಡು ಬರಬೇಕಂತ.”

ಅವ್ವ ಒಂದು ಕ್ಷಣ ನನ್ನ ಮುಖ ನೋಡಿದಳು. “ಎಲ್ಲಾ ಹೆಚ್ಚಿಸಿ?”

“ಎಲ್ಲಾ.”

“ಬಂಗಾರದಂಥಾ ಬಾಯಿ. ಬಿಳೇರಾದ್ರೇನು, ಎಷ್ಟು ತಿಳುವಳಿಕಿ ನೋಡು,” ಎಂದು ಅವ್ವ ಕಣ್ಣೊರೆಸಿಕೊಂಡಳು. ಸುದ್ದಿಯನ್ನು ಇಷ್ಟು ಸಮಾಧಾನದಿಂದ ತೆಗೆದುಕೊಂಡಳಲ್ಲ ಎಂದು ನನಗೆ ಆಶ್ಚರ್ಯವೇ ಆಯಿತು. ಇಂದಿರಾ ಮೂಲೆಯಲ್ಲಿ ಕುಳಿತು ಸೀಸೆಯ ಮುಚ್ಚಳ ತಿರುಗಿಸುತ್ತಿದ್ದಳು.

ಮರುದಿನ ಕಾಗದಕ್ಕೆ ಸಹಿ ಮಾಡಲು ನಾನು ಮೊದಲೇ ಹೋದೆ. ಎಂಟು ಗಂಟೆಗೆ ಟಾಂಗಾ ಬಂದು ನಿಂತಿತು. ಮೊದಲು ಕಿವಿಗೆ ಬಿದ್ದದ್ದು ಬಳೆಗಳ ಸದ್ದು. ಆಮೇಲೆ ಇಂದಿರಾ ಇಳಿದಳು. ಮೊಳಕೈತನಕ ಹಸಿರು ಬಳೆ, ಹಣೆಗೆ ರೂಪಾಯಿಯಗಲ ಕುಂಕುಮ, ಮುಖಕ್ಕೆ ಸ್ನೋದ ಮೇಲೆ ಪೌಡರು, ಪೌಡರಿನ ಮೇಲೆ ಅರಿಷಿಣ. ಕೈಕಾಲಿನ ಇಪ್ಪತ್ತೂ ಉಗುರುಗಳು ರಕ್ತಗೆಂಪು. ಅವ್ವ ನನ್ನತ್ತ ನೋಡಿ ಹೆಮ್ಮೆಯಿಂದ, “ಬಣ್ಣ ನಾಕು ಸಲ ಹಚ್ಚೇನಿ. ಸೀಸೆ ಹೆಚ್ಚೇದ” ಎಂದಳು.

ಆಗ ನನಗೆ ನನ್ನ ತಪ್ಪು ಹೊಳೆಯಿತು. ಹೆಚ್ಚಿತು ಎಂದರೆ ತೀರಿತು, ಒಡೆಯಿತು. ಅದು ತಾನಾಗಿ ಆಗುವ ಕ್ರಿಯೆ, ಅಕರ್ಮಕ. ಹೆಚ್ಚಿಸು ಎಂದು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಎಂದೂ ಹೇಳಿದ್ದಿಲ್ಲ. ಹೆಚ್ಚಿಸು ಎಂದರೆ ಹೆಚ್ಚಿಸುವುದೇ. ಪ್ರತಿ ವರ್ಷ ಐದನೆಯ ಇಯತ್ತೆಯ ಹುಡುಗರಿಗೆ ಸಕರ್ಮಕ, ಅಕರ್ಮಕ ಬಾಯಿಪಾಠ ಮಾಡಿಸುವ ನಾನು, ಹೆಂಡತಿಯ ಜೀವದ ಪ್ರಶ್ನೆ ಬಂದಾಗ ಅಲ್ಲಿಯೇ ಜಾರಿದ್ದೆ.

ಡಾಕ್ಟರ್ ಬಾಯಿ ಹೊರಗೆ ಬಂದು ಇಂದಿರೆಯನ್ನು ನೋಡಿದರು, ನನ್ನನ್ನು ನೋಡಿದರು. “ನಾನು ತೆಗೆದು ಎಂದಿದ್ದೆ,” ಎಂದರು. ಆ ಶಬ್ದ ಕೇಳಿ ಅವ್ವನ ಮುಖ ಬೆಳ್ಳಗಾಯಿತು. “ಬಳಿ ತಗೀಬ್ಯಾಡ್ರಿ ನಮ್ಮವ್ವಾ, ನಿಮ್ಮ ಕಾಲಿಗೆ ಬೀಳ್ತೇನಿ” ಎಂದು ಅಡ್ಡ ನಿಂತಳು. ದವಾಖಾನೆಯ ನರ್ಸಬಾಯಿ ಅದೇ ಊರಿನವಳು, ಜಾಣೆ. “ಕೈಗೆ ಒಂದೊಂದು ಬಿಟ್ಟು ಮ್ಯಾಲೆ ಪಟ್ಟಿ ಸುತ್ತತೇನ್ರಿ ಅಮ್ಮಾರ. ಉಳದಾವು ನಿಮ್ಮ ಕೈಯಾಗ ಹಾಕ್ಕೊಳ್ರಿ. ಮನಿತನದಾಗ ಇರ್ತಾವು” ಎಂದು ಸಾಬೂನು ಹಚ್ಚಿ ಒಂದೂ ಒಡೆಯದಂತೆ ಜಾರಿಸಿದಳು. ಪೌಡರು ಒದ್ದೆ ಬಟ್ಟೆಗೆ ಹೋಯಿತು. ಕುಂಕುಮ ಇರಲಿ ಎಂದು ಡಾಕ್ಟರ್ ಬಾಯಿಯೇ ಹೇಳಿದರು. ಉಳಿದದ್ದು ಉಗುರು.

ನಾಲ್ಕು ಪದರಿನ ಆ ಬಣ್ಣ ಸಾಬೂನಿಗೆ ಬಗ್ಗಲಿಲ್ಲ, ಸೀಮೆಎಣ್ಣೆಗೂ ಬಗ್ಗಲಿಲ್ಲ. ಕೊನೆಗೆ ನರ್ಸಬಾಯಿ ಘಾಟು ವಾಸನೆಯ ಯಾವುದೋ ಔಷಧದಲ್ಲಿ ಅರಳೆ ಅದ್ದಿ ನನ್ನ ಕೈಗೆ ಕೊಟ್ಟು, “ನಮಗ ಒಳಗ ಕೆಲಸ ಐತ್ರಿ ಮಾಸ್ತರ. ನೀವ ತಿಕ್ರಿ. ಬಲಗೈ ಒಂದಾದರ ಸಾಕಂತ” ಎಂದಳು. ನಾನು ಇಂದಿರೆಯ ಮಂಚದ ಪಕ್ಕ ಕುಳಿತು ಅವಳ ಕೈ ಹಿಡಿದೆ. ಅವ್ವನ ಎದುರಿಗೆ ಹೆಂಡತಿಯ ಕೈ ಹಿಡಿದದ್ದು ಲಗ್ನದ ಮಂಟಪ ಬಿಟ್ಟರೆ ಅದೇ ಮೊದಲು. ಅವ್ವ ಕಿಟಕಿಯ ಕಡೆ ಮುಖ ಮಾಡಿ ನಿಂತಳು. ಒಂದೊಂದೇ ಉಗುರು ತಿಕ್ಕಿದೆ. ಅವಳ ಕೈ ಮಂಜಿನಂತೆ ತಣ್ಣಗಿತ್ತು.

“ನನಗ ನಿನ್ನೇನ ತಿಳಿದಿತ್ತುರೀ,” ಎಂದಳು ಮೆಲ್ಲಗೆ. “ನೀವು ತಗೀರಿ ಅನ್ನಲಿಕ್ಕೆ ಹೆಚ್ಚಿಸ್ರಿ ಅಂದ್ರಿ ಅಂತ.”

“ಮತ್ತ ಹೇಳಬಾರದೇನು?”

“ಇನ್ನೊಂದು ರಾತ್ರಿ ಮಟ್ಟಿಗರ ಇರಲಿ ಅನಸ್ತು.”

ನನಗೆ ಸಿಟ್ಟು ಬರಬೇಕಿತ್ತು. ಕಣ್ಣಲ್ಲಿ ನೀರು ಬಂತು. ಐದನೆಯ ಉಗುರು ಬಿಳುಪಾಗಿ ಕಂಡಾಗ ಅವರು ಅವಳನ್ನು ಒಳಗೆ ಒಯ್ದರು. ಎಡಗೈ ಕೆಂಪಗೇ ಇತ್ತು. “ಬರ್ತೇನಿ” ಎಂದಳು. ಜೀವಮಾನವೆಲ್ಲ ಕೇಳಿದ ಮಾತು. ಅಂದು ಮೊದಲ ಸಲ ಅದರ ಅಕ್ಷರಶಃ ಅರ್ಥವೇ ನಿಜವಾಗಲಿ ಎಂದು ಬೇಡಿಕೊಂಡೆ.

ಬಾಗಿಲು ಮುಚ್ಚಿತು. ಮತ್ತೆ ನನ್ನ ಪಾಲಿಗೆ ಒಂದು ಕಂಬ ಬಂತು. ಎಷ್ಟು ಹೊತ್ತಾಯಿತೋ ತಿಳಿಯದು. ಔಷಧದ ಘಾಟು ಇನ್ನೂ ತಲೆಯಲ್ಲಿತ್ತು. ಬಾಗಿಲು ತೆರೆದು ನರ್ಸಬಾಯಿ ಹೊರಗೆ ಬಂದು, ನಮ್ಮಿಬ್ಬರನ್ನು ನೋಡಿ, “ಎಲ್ಲಾ ಮುಗೀತ್ರಿ” ಎಂದಳು.

ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಆಡುವುದಿಲ್ಲ. ಆಡಿದರೆ ಅದಕ್ಕೆ ಒಂದೇ ಅರ್ಥ. ಕಂಬ ನನ್ನ ಕೈ ಬಿಟ್ಟಿತೋ, ನಾನೇ ಕಂಬವನ್ನು ಬಿಟ್ಟೆನೋ, ನೆಲ ಮಾತ್ರ ಮೇಲೆ ಬಂತು.

ಮುಂದಿನದನ್ನು ನಾನು ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡೆ. “ಅಯ್ಯ, ಆಪರೇಶನ್ ಮುಗೀತ್ರಿ! ಹೆಣ್ಣು ಕೂಸು! ಅವರವ್ವನೂ ಆರಾಮ ಅದಾರ!” ಎಂದು ನರ್ಸಬಾಯಿ ಕೂಗುತ್ತಿದ್ದಳು. ಒಳಗಿನಿಂದ ದೂರದಲ್ಲೊಂದು ಪುಟ್ಟ ಅಳು. ಏಳಬೇಕೆಂದರೂ ಆಗಲಿಲ್ಲ. ಅಷ್ಟರಲ್ಲಿ ಡಾಕ್ಟರ್ ಬಾಯಿ ಬಂದು ಬಗ್ಗಿ, ನನ್ನ ಉಸಿರು ಹೇಗಿದೆಯೆಂದು ನೋಡಲು ನನ್ನ ಕೈ ಎತ್ತಿ ಉಗುರು ನೋಡಿದರು. ಇಂದಿರೆಯ ಬಲಗೈಯಿಂದ ಕರಗಿ ಇಳಿದ ಬಣ್ಣವೆಲ್ಲ ನನ್ನ ಉಗುರುಗಳಿಗೆ ಏರಿ ಒಣಗಿತ್ತು. ಹತ್ತೂ ಕೆಂಪು.

“ಇವರಿಗೂ ಬಣ್ಣವೇ!” ಎಂದರು ಡಾಕ್ಟರ್ ಬಾಯಿ ಬೆರಗಿನಿಂದ. “ಇವರಿಗೆ ಏನಾಗಿದೆ?”

ಗಂಡುಮಗ ಹೆದರಿ ಬಿದ್ದನೆಂದು ಪರಸ್ಥಳದಲ್ಲಿ ಹೇಗೆ ಹೇಳುವುದು? ಅವ್ವ ತನ್ನ ಮೊಳಕೈತನಕ ಸೊಸೆಯ ಹಸಿರು ಬಳೆ ತೊಟ್ಟುಕೊಂಡು ಶಾಂತವಾಗಿ ಉತ್ತರಿಸಿದಳು.

“ಏನೂ ಆಗಿಲ್ರಿ ಬಾಯಾರ. ನಮ್ಮ ಹುಡುಗಂದು ಧೈರ್ಯ ಹೆಚ್ಚೇದ.”