ದಪ್ಪಣ್ಣನ ಸೊಪ್ಪಿನ ಡಬ್ಬಿ

ಎಲ್ಲ ರಾದ್ಧಾಂತಕ್ಕೂ ಕಾರಣ ಆ ಊಟದ ಡಬ್ಬಿ. ಮಾಂಸದಂಗಡಿಯ ದಪ್ಪಣ್ಣ ಇಪ್ಪತ್ತು ವರ್ಷ ಮಧ್ಯಾಹ್ನದ ಊಟವನ್ನು ಬೀದಿಗೆಲ್ಲ ಕಾಣುವ ಹಾಗೆ ಅಂಗಡಿಯ ಬಾಗಿಲಲ್ಲೇ ಕೂತು ಮಾಡಿದವನು. ತನ್ನ ಮಾಂಸವನ್ನು ತಾನೇ ಚಪ್ಪರಿಸುವುದಕ್ಕಿಂತ ದೊಡ್ಡ ಜಾಹೀರಾತು ಬೇಕೆ? ಆದರೆ ಎರಡು ತಿಂಗಳ ಹಿಂದೆ ಡಾಕ್ಟರು, "ಇನ್ನು ಬರೀ ಸೊಪ್ಪು, ಕಾಳು, ತರಕಾರಿ" ಎಂದುಬಿಟ್ಟರು. ಹೆಂಡತಿಗೆ ಅದೇ ಕಟ್ಟಪ್ಪಣೆಯಾಯಿತು. ಅಂದಿನಿಂದ ಪಾಪ, ದಪ್ಪಣ್ಣ ಶಟರ್ ಅರ್ಧ ಇಳಿಸಿ, ಫ್ರಿಜ್ಜಿನ ಹಿಂದೆ ಅವಿತು ಉಣ್ಣುತ್ತಿದ್ದ.

ಇವತ್ತಂತೂ ಗುಟ್ಟು ರಟ್ಟಾಗಲು ಬಿಡುವಂತಿರಲಿಲ್ಲ. ಕಾರ್ಖಾನೆಯ ಕ್ಯಾಂಟೀನಿನ ಅಡುಗೆಯಮ್ಮ ಎರಡು ಗಂಟೆಗೆ ಬರುವವಳಿದ್ದಳು. ಇನ್ನೂರು ಜನರ ಅಡುಗೆಗೆ ವರ್ಷವಿಡೀ ಮಾಂಸ ಯಾರಿಂದ ಕೊಳ್ಳುವುದೆಂದು ಇಂದೇ ತೀರ್ಮಾನ. ಆ ಆರ್ಡರ್ ಸಿಕ್ಕರೆ ಅಂಗಡಿ ಉಳಿಯಿತು. ಇಲ್ಲವಾದರೆ ಬೀಗ ಹಾಕುವುದೊಂದೇ ದಾರಿ.

ಒಂದೂವರೆಗೆ ಎದುರಂಗಡಿಯ ಕ್ಷೌರಿಕ ಸಾಣೆಕಲ್ಲು ಕೇಳಲು ಶಟರ್ ಕೆಳಗಿಂದ ತೂರಿ ಬಂದ. ದಪ್ಪಣ್ಣನ ಬಾಯಿಂದ ಸೊಪ್ಪಿನ ದಂಟೊಂದು ಇಣುಕುತ್ತಿತ್ತು.

"ಏನಣ್ಣಾ ಇದು, ಮೇಕೆ ಥರ!"

"ಮಾಂಸದ ಜೊತೆಗೆ... ಸ್ವಲ್ಪ..."

ಕ್ಷೌರಿಕ ಡಬ್ಬಿಯ ಮೂರೂ ಅಂತಸ್ತು ಬಿಚ್ಚಿ ನೋಡಿದ. "ಮಾಂಸ ಎಲ್ಲಿದೆ?"

ಅವನ ಬಾಯಿಗೆ ಬಿದ್ದ ಸುದ್ದಿ ಹತ್ತು ನಿಮಿಷದಲ್ಲಿ ಬೀದಿ ಸುತ್ತಿ ಬಂತು. ದರ್ಜಿಯ ಹೆಂಡತಿ ಬೆಳಿಗ್ಗೆ ಒಯ್ದ ಪೊಟ್ಟಣವನ್ನು ತಂದು ಕುಕ್ಕಿದಳು. "ನೀವೇ ತಿನ್ನಲ್ಲ ಅಂದ್ಮೇಲೆ ನಮ್ಗ್ಯಾಕೆ ತಿನ್ನಿಸ್ತೀರಾ?" ನಿವೃತ್ತ ಮೇಷ್ಟ್ರು ಆಗಷ್ಟೇ ಉಂಡದ್ದನ್ನು ನೆನೆದು ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದರು. ಅಷ್ಟರಲ್ಲಿ ಅಡುಗೆಯಮ್ಮ ಜನರನ್ನು ಸರಿಸಿಕೊಂಡು ಒಳಗೆ ಬಂದಳು.

"ಮಾಂಸದಲ್ಲಿ ಏನು ದೋಷ ಇದೆ? ನಿಜ ಹೇಳಿ."

ದಪ್ಪಣ್ಣನಿಗೆ ಅಳುವೇ ಬಂತು. "ದೋಷ ಮಾಂಸದಲ್ಲಿಲ್ಲಮ್ಮಾ, ಈ ಹೊಟ್ಟೇಲಿದೆ!" ಎಂದವನೇ ಇಡೀ ಕುರಿ ತೂಗುವ ತೂಕದ ಯಂತ್ರ ಹತ್ತಿ ನಿಂತ. "ಎರಡು ತಿಂಗಳ ಹಿಂದೆ ಡಾಕ್ಟರು ಮಾಂಸ ಬಿಡಿಸಿದಾಗ ನೂರಾ ಹದಿನಾಲ್ಕು ಕೆಜಿ ಇದ್ದೆ. ಈಗ ನೋಡಿ!"

ಮುಳ್ಳು ನೂರಾ ಐದರಲ್ಲಿ ನಿಂತಿತು.

"ನಿನ್ನ ಯಂತ್ರ ಯಾವಾಗ್ಲೂ ಜಾಸ್ತೀನೇ ತೋರ್ಸೋದು. ಇನ್ನೂ ಕಮ್ಮಿ ಇರ್ತೀಯ ಬಿಡು," ಎಂದರು ಮೇಷ್ಟ್ರು. ಎಲ್ಲರೂ ನಕ್ಕರು. ದರ್ಜಿಯ ಹೆಂಡತಿ ಮೆಲ್ಲಗೆ ಪೊಟ್ಟಣ ಎತ್ತಿಕೊಂಡಳು. ದಪ್ಪಣ್ಣನಿಗೆ ಹೋದ ಜೀವ ಬಂದಂತಾಯಿತು.

ಅಡುಗೆಯಮ್ಮ ಅವನ ಸುತ್ತ ಒಂದು ಸುತ್ತು ಬಂದಳು. "ಹಸಿವಾಗಲ್ವಾ?"

"ಎಲ್ಲಿಯ ಹಸಿವು! ಕಾಳು ಸಾಯಂಕಾಲದ ತನಕ ಹೊಟ್ಟೇಲಿ ಗಟ್ಟಿಯಾಗಿ ನಿಲ್ಲುತ್ತೆ. ಮೆಟ್ಟಿಲು ಹತ್ತಿದ್ರೆ ಏದುಸಿರಿಲ್ಲ, ಊಟ ಆದ್ಮೇಲೆ ತೂಕಡಿಕೆ ಇಲ್ಲ. ರುಚಿ ನೋಡಿ, ನೀವೇ ಹೇಳ್ತೀರಾ!"

ಇಪ್ಪತ್ತು ವರ್ಷ ಮಾರಿ ಪಳಗಿದ ನಾಲಿಗೆ. ಒಮ್ಮೆ ಶುರುವಾದರೆ ನಿಲ್ಲುವುದುಂಟೆ? ಅಡುಗೆಯಮ್ಮ ಒಂದು ಚಮಚ ರುಚಿ ನೋಡಿದಳು, ಇನ್ನೊಂದು ತೆಗೆದುಕೊಂಡಳು, ನಿಂತಲ್ಲೇ ಡಬ್ಬಿ ಖಾಲಿ ಮಾಡಿದಳು. ತಡವರಿಸದೆ ಪುಸ್ತಕದಲ್ಲಿ ಏನೋ ಬರೆದುಕೊಂಡು, ಅವನ ಕೈ ಹಿಡಿದು ಕುಲುಕಿ, "ದೊಡ್ಡ ಉಪಕಾರ ಮಾಡಿದ್ರಿ" ಎಂದಳು.

ಸಂಜೆ ಮನೆಯ ಬಾಗಿಲಲ್ಲೇ ಹೆಂಡತಿ ಕಾದಿದ್ದಳು. "ಆರ್ಡರ್ ಏನಾಯ್ತು ರೀ?"

"ಆಯ್ತು ಕಣೇ. ಇನ್ನೂರು ಜನಕ್ಕೆ, ವರ್ಷ ಪೂರ್ತಿ."

"ಅಬ್ಬಾ, ಗೆದ್ವಿ!"

"ತರಕಾರಿ ಅಂಗಡಿಯವನಿಗೆ," ಎಂದು ದಪ್ಪಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದ.