ಹತ್ತೂ ನಲವತ್ತಕ್ಕೆ ಸತ್ತವನು

ಒಂದೇ ಒಂದು ಕಾಗದ ಬಾಕಿ ಇತ್ತು. ಉಳಿದ ಹದಿಮೂರನ್ನು ಮೂರು ತಿಂಗಳು ಅಲೆದಾಡಿ ಕೂಡಿಹಾಕಿದ್ದ ಚುಕ್ಕಿ, ಹದಿನಾಲ್ಕನೆಯದನ್ನು ಮಾತ್ರ ‘ಅದೇನು ಮಹಾ, ಒಂದು ಗಂಟೆ ಕೆಲಸ’ ಎಂದು ಕೊನೆಯ ದಿನಕ್ಕೆ ಬಿಟ್ಟಿದ್ದ. ಈ ಮನುಷ್ಯ ಆರೋಗ್ಯವಾಗಿದ್ದಾನೆ ಎಂದು ಸರ್ಕಾರಿ ಆಸ್ಪತ್ರೆಯವರು ಬರೆದುಕೊಡಬೇಕಾದ ಸರ್ಟಿಫಿಕೇಟು ಅದು. ಸಂಜೆ ಐದರೊಳಗೆ ಅದು ವಿಶ್ವವಿದ್ಯಾಲಯದ ಖಗೋಳ ಭೌತವಿಜ್ಞಾನ ವಿಭಾಗಕ್ಕೆ ತಲುಪದಿದ್ದರೆ, ವಿದೇಶದಲ್ಲಿ ಒಂದು ವರ್ಷ ಓದುವ ಅವಕಾಶ ಪಟ್ಟಿಯಲ್ಲಿದ್ದ ಎರಡನೆಯವನ ಪಾಲಾಗುತ್ತಿತ್ತು.

ಚುಕ್ಕಿ ಎಂಬುದು ಬೀದಿಯವರು ಇಟ್ಟ ಹೆಸರು. ರಾತ್ರಿಯೆಲ್ಲ ನಕ್ಷತ್ರ ನೋಡಿ ಹಗಲು ಮಲಗುವವನಿಗೆ ಬೇರೆ ಯಾವ ಹೆಸರು ಒಪ್ಪುತ್ತದೆ? ಮಲಗುವವನು ಎಂದದ್ದು ಮಾತಿಗಷ್ಟೆ. ಅವನ ಕೋಣೆಯ ಕೆಳಗೇ ಸೋದರಮಾವನ ಶವಪೆಟ್ಟಿಗೆ ಅಂಗಡಿ. ಬೆಳಿಗ್ಗೆ ಎಂಟಕ್ಕೆ ಶುರುವಾದ ಸುತ್ತಿಗೆ ನಿಲ್ಲುವುದು ಸಂಜೆ ಆರಕ್ಕೆ. ಮಾವನಿಗೆ ಮನುಷ್ಯರ ಸಾವು, ಅಳಿಯನಿಗೆ ನಕ್ಷತ್ರಗಳ ಸಾವು, ಒಟ್ಟಿನಲ್ಲಿ ಮನೆತನದ ಕಸುಬು ಬಿಟ್ಟಿಲ್ಲ ಎಂದು ಬೀದಿಯವರು ನಗುತ್ತಿದ್ದರು.

ಚುಕ್ಕಿಗೆ ನಗು ಬರುತ್ತಿರಲಿಲ್ಲ. ಅವನಿಗೆ ಹನ್ನೊಂದು ವರ್ಷವಾಗಿದ್ದಾಗ ಅವನ ಅಮ್ಮನ ಪೆಟ್ಟಿಗೆಗೂ ಮೊಳೆ ಹೊಡೆದದ್ದು ಅದೇ ಸುತ್ತಿಗೆ. ಅವತ್ತು ಮಧ್ಯಾಹ್ನ ಮಾವ ಅಳುತ್ತಲೇ ಹೊಡೆದ. ಆಮೇಲೆ ತಂಗಿಯ ಮಗನ ಕೈಹಿಡಿದು ಮಹಡಿಗೆ ಕರೆದುಕೊಂಡು ಹೋಗಿ ಹಾಸಿಗೆ ಹಾಸಿಕೊಟ್ಟ. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹತ್ತು ವರ್ಷದಿಂದ ಕೆಳಗೆ ಒಂದೊಂದು ಮೊಳೆ ಹೊಡೆದಾಗಲೂ ಚುಕ್ಕಿಗೆ ಅದೇ ಮಧ್ಯಾಹ್ನ. ಆ ಸದ್ದು ಕೇಳದ ಕಡೆ ಹೋಗಿ ಒಂದು ವರ್ಷ ಕಣ್ತುಂಬ ನಿದ್ದೆ ಮಾಡಬೇಕು, ಅವನಿಗೆ ಬೇಕಾಗಿದ್ದದ್ದು ಇಷ್ಟೆ.

ವಿದೇಶದ ವಿಶ್ವವಿದ್ಯಾಲಯದವರು ಅರ್ಜಿಯಲ್ಲಿ ‘ನಮ್ಮ ಏಳು ವೀಕ್ಷಣಾ ಕೇಂದ್ರಗಳಲ್ಲಿ ನಿಮಗೆ ಯಾವುದು ಬೇಕು?’ ಎಂದು ಕೇಳಿದ್ದರು. ‘ಆಕಾಶ ಎಲ್ಲಿ ಎಲ್ಲಕ್ಕಿಂತ ತಿಳಿಯಾಗಿದೆಯೋ ಅಲ್ಲಿ’ ಎಂದು ಬರೆದಿದ್ದ. ಖಗೋಳದವರು ಜಾಗ ಆರಿಸುವುದೇ ಹಾಗೆ, ಅವರಿಗೆ ನೆಲದ ವಿಚಾರ ಆಮೇಲೆ. ಆ ಒಂದು ಉತ್ತರಕ್ಕೇ ಅವನು ಪಟ್ಟಿಯಲ್ಲಿ ಮೊದಲನೆಯವನಾದ ಎಂದು ವಿಭಾಗದ ಮುಖ್ಯಸ್ಥೆ ಹೇಳಿದ್ದರು. ಯಾವ ಕೇಂದ್ರ ಎಂಬುದನ್ನು ಕಾಗದಪತ್ರಗಳೆಲ್ಲ ಸೇರಿದ ಮೇಲೆಯೇ ತಿಳಿಸುವುದು ಅಲ್ಲಿನವರ ಪದ್ಧತಿ.

ಬೆಳಿಗ್ಗೆ ಒಂಬತ್ತೂವರೆಗೆ ಅವನು ಇಳಿದು ಬಂದಾಗ ಮಾವ ಒಂದು ಟ್ರಂಕಿಗೆ ಕೊನೆಯ ಹಿಡಿ ಕೂರಿಸುತ್ತಿದ್ದ. ಅಳಿಯನ ಪ್ರಯಾಣಕ್ಕೆಂದು ತಾನೇ ಮಾಡಿದ್ದು. ಮರವೂ ಹಿಡಿಗಳೂ ಅಂಗಡಿಯವೇ ಆದ್ದರಿಂದ ಅದು ಕುಳ್ಳನೊಬ್ಬನ ಶವಪೆಟ್ಟಿಗೆಯಂತೆ ಕಾಣುತ್ತಿತ್ತು.

“ಹಿಂದಿನ ಗುಡ್ಡದ ಮೇಲೆ ನಕ್ಷತ್ರ ನೋಡೋ ಅಷ್ಟು ದೊಡ್ಡ ಗುಮ್ಮಟ ಇದೆ. ಅದನ್ನ ಬಿಟ್ಟು ಎಲ್ಲೋ ಹೋಗ್ತೀನಂತೀಯಲ್ಲೋ” ಎಂದ ಮಾವ.

“ಅದು ಹೊರಗಿನವರದ್ದು ಮಾವ. ಕಾವಲುಗಾರ ಗೇಟೇ ತೆಗೆಯಲ್ಲ.”

ಆಸ್ಪತ್ರೆಯಲ್ಲಿ ಡಾಕ್ಟರು ನಾಡಿ ನೋಡಿ, ಕಣ್ಣಿನ ರೆಪ್ಪೆ ಎಳೆದು ನೋಡಿ, ‘ದೇಹ ಸರಿ ಇದೆ, ನಿದ್ರೆ ಸಾಲದು’ ಎಂದು ಚೀಟಿ ಬರೆದರು. ಚುಕ್ಕಿ ಅದನ್ನು ದಾಖಲೆ ಗುಮಾಸ್ತನ ಕಿಟಕಿಗೆ ಕೊಟ್ಟ. ಗುಮಾಸ್ತ ಕಿವಿಗೆ ಫೋನು ಸಿಕ್ಕಿಸಿಕೊಂಡು ಸೋರುವ ಮಾಡಿನ ಬಗ್ಗೆ ಭಾವಮೈದುನನ ಜೊತೆ ಜಗಳವಾಡುತ್ತಿದ್ದ. ಕಣ್ಣೆತ್ತಿ ಒಮ್ಮೆ ನೋಡಿದ. ಪೆಟ್ಟಿಗೆ ಅಂಗಡಿಯ ಹುಡುಗ. ಸತ್ತವರ ಮನೆಯವರ ಪರವಾಗಿ ಮರಣಪತ್ರ ಒಯ್ಯಲು ಆರು ವರ್ಷದಿಂದ ವಾರಕ್ಕೆರಡು ಸಲ ಬರುವವನು. ಗುಮಾಸ್ತನ ಬಾಯಿ ಜಗಳದಲ್ಲೇ ಇತ್ತು, ಕೈ ತಾನಾಗಿ ಎಡಗಡೆಯ ರಿಜಿಸ್ಟರಿಗೆ ಹೋಯಿತು. ಬರೆದ, ಮೊಹರು ಒತ್ತಿದ, ಲಕೋಟೆಗೆ ಹಾಕಿ ಅಂಟಿಸಿ ಕೊಟ್ಟ.

ವಿಭಾಗದ ಹೆಡ್‌ಕ್ಲಾರ್ಕು ಲಕೋಟೆ ಒಡೆದು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಆಮೇಲೆ ಎದ್ದು ನಿಂತರು.

“ಯಾಕೆ ಸಾರ್ ಎದ್ರಿ?”

“ಗೌರವಕ್ಕೆ. ನೀವು ಇವತ್ತು ಹತ್ತೂ ನಲವತ್ತಕ್ಕೆ ತೀರ್ಕೊಂಡಿದ್ದೀರಿ.”

ಚುಕ್ಕಿ ಕಾಗದ ಕಿತ್ತುಕೊಂಡು ನೋಡಿದ. ಅವನದೇ ಹೆಸರು, ಅವನದೇ ವಯಸ್ಸು. ಮರಣದ ಕಾರಣ: ನಿದ್ರೆ ಸಾಲದು.

“ಸಾರ್, ನಿಮ್ಮ ಎದುರಿಗೇ ನಿಂತಿದ್ದೀನಲ್ಲ!”

“ಕಾಣ್ತಿದ್ದೀರಿ, ಇಲ್ಲ ಅನ್ನಲ್ಲ. ಆದ್ರೆ ಈ ಗೋಡೆ ಆಚೆ ಮೇಡಂ ಮಾಡೋ ಪಾಠ ಇಪ್ಪತ್ತು ವರ್ಷದಿಂದ ಕೇಳ್ತಿದ್ದೀನಿ. ಬೆಳಕು ಕಣ್ಣಿಗೆ ಬಿತ್ತು ಅಂದ ಮಾತ್ರಕ್ಕೆ ನಕ್ಷತ್ರ ಇನ್ನೂ ಇದೆ ಅಂತಲ್ಲ. ಐದರೊಳಗೆ ಸರಿಯಾದ ಕಾಗದ ತನ್ನಿ.”

ಚುಕ್ಕಿ ಎದ್ದೆನೋ ಬಿದ್ದೆನೋ ಎಂದು ಆಸ್ಪತ್ರೆಗೆ ಓಡಿದ. ಗುಮಾಸ್ತ ತಲೆ ಚಚ್ಚಿಕೊಂಡ. “ಛೆ, ಅಭ್ಯಾಸ ನೋಡು!”

“ಹರಿದುಹಾಕಿ ಬೇರೆ ಬರ್ಕೊಡಿ.”

“ಹರಿಯೋಕೆ ಬರಲ್ಲಪ್ಪಾ, ನಂಬರು ಬಿದ್ದಿದೆ. ಸತ್ತವರಿಗೆ ಆರೋಗ್ಯದ ಸರ್ಟಿಫಿಕೇಟು ಕೊಟ್ರೆ ನನ್ನ ಕೆಲಸ ಹೋಗುತ್ತೆ. ಮೊದಲು ತಿದ್ದುಪಡಿ ಫಾರಂ ತುಂಬಿಸ್ಕೊಂಡು ಬಾ. ಹತ್ತಿರದ ಸಂಬಂಧಿಕರು ಒಬ್ಬರು, ಹತ್ತೂ ನಲವತ್ತು ಆದ್ಮೇಲೆ ನಿನ್ನನ್ನ ಜೀವಂತ ನೋಡಿದ ನೆರೆಯವರು ಇಬ್ಬರು ಸಹಿ ಹಾಕಬೇಕು.”

“ನೀವೇ ನೋಡ್ತಿದ್ದೀರಲ್ಲ!”

“ನಾನೇನು ನಿನ್ನ ನೆರೆಮನೆಯವನಾ?”

ಬೀದಿ ಮುಟ್ಟಿದಾಗ ಎರಡು ಗಂಟೆ. ಏನೋ ಸರಿಯಿಲ್ಲ ಎಂದು ದೂರದಿಂದಲೇ ಅನ್ನಿಸಿತು. ಸದ್ದಿರಲಿಲ್ಲ. ಹತ್ತು ವರ್ಷದಲ್ಲಿ ಮೊದಲ ಸಲ ಹಗಲು ಹೊತ್ತಿನಲ್ಲಿ ಸುತ್ತಿಗೆ ಸುಮ್ಮನಿತ್ತು.

ಮರಣ ದಾಖಲಾದ ಕೂಡಲೇ ಪೆಟ್ಟಿಗೆ ಅಂಗಡಿಗೆ ಫೋನು ಮಾಡಿ ಅಳತೆ, ಹೆಸರು ಹೇಳುವುದು ಆ ಆಸ್ಪತ್ರೆಯ ಪದ್ಧತಿ. ಡಾಕ್ಟರ ಚೀಟಿಯಲ್ಲಿ ಎತ್ತರ ಇತ್ತು, ಹೇಳಿದ್ದರು. ಮಾವ ಅದನ್ನು ಎಂದಿನಂತೆ ಸೀಮೆಸುಣ್ಣದಲ್ಲಿ ಪೆಟ್ಟಿಗೆಗೆಂದು ತೆಗೆದ ಮರದ ಹಲಗೆಯ ಮೇಲೆ ಬರೆದುಕೊಂಡು, ಆಮೇಲೆ ಹೆಸರು ಕೇಳಿಸಿಕೊಂಡಿದ್ದ. ಈಗ ಆ ಹಲಗೆಯ ಪಕ್ಕದಲ್ಲಿ ಮರದ ಹೊಟ್ಟಿನ ಮೇಲೆ ಕುಕ್ಕರಿಸಿದ್ದ. ಚುಕ್ಕಿ ಬಾಗಿಲಲ್ಲಿ ನಿಂತದ್ದು ಕಂಡು ಕೂತಲ್ಲಿಂದಲೇ ಕೈಚಾಚಿದ.

“ನಿನ್ನ ಪೆಟ್ಟಿಗೆ ಮಾಡೋಕೆ ಕೈ ಏಳಲಿಲ್ಲ ಕಣೋ” ಎಂದ. ಚುಕ್ಕಿ ಅವನನ್ನು ಹಿಡಿದುಕೊಂಡು ಅಲ್ಲೇ ಕೂತ. ಫಾರಂ ಒಂದು ನೆನಪಾಗದಿದ್ದರೆ ಸಂಜೆಯವರೆಗೂ ಹಾಗೇ ಕೂತಿರುತ್ತಿದ್ದನೋ ಏನೋ.

ಮಾವ ಸಹಿ ಹಾಕಿದ. ಎದುರುಮನೆಯ ದರ್ಜಿ ಅಕ್ಕ ಕಣ್ಣು ಒರೆಸಿಕೊಂಡು ರೇಗಿದಳು. “ಮೊದ್ಲೇ ಒಂದು ಮಾತು ಹೇಳೋಕೆ ಆಗ್ತಿರಲಿಲ್ವಾ? ಹೊಲಿಗೆ ಅರ್ಧಕ್ಕೆ ಬಿಟ್ಟು ಅಳ್ತಾ ಕೂತಿದ್ದೀನಿ!”

“ನನಗೇ ಗೊತ್ತಿರಲಿಲ್ಲ ಅಕ್ಕಾ.”

“ನಿನ್ನ ಹಾಸಿಗೆ ನೋಡಿ ಮಾವ ಅಳ್ತಿದ್ರು ಅಂತ ಬೇಕಾದವರಿಗೆ ಕೊಟ್ಟುಬಿಟ್ಟೆ. ಹೇಗೂ ಪರದೇಶಕ್ಕೆ ಹೋಗೋನು, ಇರ್ಲಿ ಬಿಡು” ಎನ್ನುತ್ತ ಸಹಿ ಮಾಡಿದಳು.

ಇನ್ನೊಬ್ಬ ಸಾಕ್ಷಿ ಪಕ್ಕದ ಮನೆಯ ಪೆನ್ಷನ್ ಅಜ್ಜ, ಕೋರ್ಟಿನಲ್ಲಿ ಬರಹಗಾರರಾಗಿದ್ದು ನಿವೃತ್ತರಾದವರು. “ನಾನು ನಿನ್ನ ನೋಡಿದ್ದು ಒಂಬತ್ತೂವರೆಗೆ. ಆಮೇಲಿಂದು ನನಗೆ ಗೊತ್ತಿಲ್ಲ.”

“ಈಗ ನೋಡ್ತಿದ್ದೀರಲ್ಲ ಅಜ್ಜಾ!”

“ಈಗ ಅಂದ್ರೆ ಎಷ್ಟು ಗಂಟೆ? ಗಡಿಯಾರ ತಾ. ಕನ್ನಡಕ ತಾ. ಬೆಳಕಿಗೆ ಬಂದು ನಿಂತ್ಕೋ. ಸುಳ್ಳು ಸಾಕ್ಷಿ ನನ್ನ ಕೈಯಲ್ಲಿ ಆಗಲ್ಲ.”

ಅಜ್ಜ ಎರಡು ಪುಟದ ಹೇಳಿಕೆ ಬರೆದರು. ಚುಕ್ಕಿ ಉಸಿರಾಡುತ್ತಿದ್ದಾನೆ ಎಂದು ಒಂದು ಕಡೆ, ಅವಸರಪಡುತ್ತಿದ್ದಾನೆ ಎಂದು ಮೂರು ಕಡೆ. ಮುಗಿಸುವಷ್ಟರಲ್ಲಿ ಮೂರೂವರೆ.

ಐದಕ್ಕೆ ಎಂಟು ನಿಮಿಷ ಇರುವಾಗ, ಆಸ್ಪತ್ರೆಯ ರಿಜಿಸ್ಟರಿನಲ್ಲಿ ಮತ್ತೆ ಬದುಕಿ ಬಂದ ಚುಕ್ಕಿ ಸರಿಯಾದ ಸರ್ಟಿಫಿಕೇಟನ್ನು ಹೆಡ್‌ಕ್ಲಾರ್ಕರ ಮೇಜಿನ ಮೇಲಿಟ್ಟ. ಈ ಸಲ ಅವರು ಏಳಲಿಲ್ಲ. ಮುಖ್ಯಸ್ಥೆ ಅವನನ್ನು ಒಳಗೆ ಕರೆದು, ಹದಿನಾಲ್ಕೂ ಕಾಗದವನ್ನು ಈಮೇಲಿನಲ್ಲಿ ವಿದೇಶಕ್ಕೆ ಕಳಿಸಿ, ಉತ್ತರಕ್ಕೆ ಕಾದರು. ಹತ್ತು ನಿಮಿಷದಲ್ಲಿ ಬಂತು.

“ಮೂರನೇ ಕೇಂದ್ರ! ಏಳರಲ್ಲಿ ಅಲ್ಲಿನದೇ ಎಲ್ಲಕ್ಕಿಂತ ತಿಳಿ ಆಕಾಶ ಅಂತೆ. ಅದೃಷ್ಟವಂತ ಕಣಯ್ಯಾ.”

“ಯಾವ ದೇಶ ಮೇಡಂ?”

ಅವರು ಅಕ್ಷಾಂಶ ಓದಿದರು, ರೇಖಾಂಶ ಓದಿದರು. ಎರಡನ್ನೂ ಮತ್ತೊಮ್ಮೆ ಓದಿ ನಿಧಾನವಾಗಿ ಕಿಟಕಿಯತ್ತ ತಿರುಗಿದರು. ಚುಕ್ಕಿಯೂ ತಿರುಗಿದ. ಇಳಿಬಿಸಿಲಿನಲ್ಲಿ ಅವನ ಮನೆಯ ಹಿಂದಿನ ಗುಡ್ಡವೂ ಅದರ ಮೇಲಿನ ಬಿಳಿ ಗುಮ್ಮಟವೂ ಹೊಳೆಯುತ್ತಿದ್ದವು.

“ಹೋದ ವರ್ಷ ಅವರು ಅದನ್ನ ಕೊಂಡ್ಕೊಂಡ್ರಂತೆ” ಎಂದರು ಮುಖ್ಯಸ್ಥೆ.

“ಬೇರೆ ಕಡೆ ಹಾಕಿಸೋಕೆ ಆಗಲ್ವಾ ಮೇಡಂ?”

“ತಿಳಿ ಆಕಾಶ ಬೇಕು ಅಂತ ನೀನೇ ಬರೆದಿದ್ದೀಯ. ಈಗ ಬೇಡ ಅಂದ್ರೆ ಜಾಗ ಎರಡನೆಯವನಿಗೆ ಹೋಗುತ್ತೆ. ಇರ್ಲಿ, ಕಾಗದದ ಮೇಲೆ ನೀನು ವಿದೇಶದಲ್ಲೇ ಇರ್ತೀಯ.”

“ಉಳಿಯೋಕೆ ಕೋಣೆನಾದ್ರೂ ಕೊಡ್ತಾರಾ?”

ಅವರು ಕೊನೆಯ ಸಾಲು ಓದಿದರು. ವಸತಿ ಇರುವುದಿಲ್ಲ. ನಡೆದು ಬರುವಷ್ಟು ದೂರದಲ್ಲಿ ವಿದ್ಯಾರ್ಥಿಯೇ ವ್ಯವಸ್ಥೆ ಮಾಡಿಕೊಳ್ಳತಕ್ಕದ್ದು.

ಅಂಗಡಿಯಲ್ಲಿ ಸುದ್ದಿ ಕೇಳಿದ ಮಾವನ ಸಂತೋಷಕ್ಕೆ ಮಿತಿಯೇ ಇರಲಿಲ್ಲ. “ನಾನು ಬೆಳಿಗ್ಗೆನೇ ಹೇಳಲಿಲ್ವಾ? ಊಟಕ್ಕೆ ಮನೆಗೇ ಬರಬಹುದು!” ಎಂದು ಅಳಿಯನ ಬೆನ್ನು ತಟ್ಟಿದ. ಆಮೇಲೆ ಅವನ ಕಣ್ಣು ಟ್ರಂಕಿನ ಮೇಲೆ ಬಿತ್ತು. ಸುತ್ತ ಒಂದು ಪ್ರದಕ್ಷಿಣೆ ಬಂದು, ಟೇಪು ಹಿಡಿದು ಅಳೆದ.

“ಇನ್ನು ಇದು ಯಾಕೆ ಬೇಕು? ಮೂರಡಿ ಉದ್ದ ಹೆಚ್ಚಿಸಿದ್ರೆ ಅಂಗಡಿಗೆ ಒಂದು ಪೆಟ್ಟಿಗೆ ಆಯ್ತು. ಒಳ್ಳೆ ಮರ.”

ಮೂಲೆಯಲ್ಲಿದ್ದ ಹಲಗೆಯನ್ನು ಎತ್ತಿ ತಂದ. ಅದರ ಮೇಲೆ ಸೀಮೆಸುಣ್ಣದಲ್ಲಿ ಚುಕ್ಕಿಯ ಅಳತೆ ಇನ್ನೂ ಹಾಗೇ ಇತ್ತು. ಆರಾಗಲು ಇನ್ನೂ ಇಪ್ಪತ್ತು ನಿಮಿಷವಿತ್ತು.

“ಆ ತುದಿ ಹಿಡ್ಕೋ, ಅಲ್ಲಾಡಿಸ್ಬೇಡ” ಎಂದು ಮಾವ ಸುತ್ತಿಗೆ ಕೈಗೆತ್ತಿಕೊಂಡ. ಚುಕ್ಕಿ ಹಿಡಿದುಕೊಂಡ.